ಅಲೆಗಳ ಲೆಕ್ಕ ಬರೆದ ದರ್ಜಿಯ ಮಗ: ಜೋಸೆಫ್ ಫೂರಿಯೆ

ದಾವಣಗೆರೆಯನ್ನು ಬಿಟ್ಟ ಹುಬ್ಬಳ್ಳಿಯ ರೈಲು ಹರಿಹರ ನಿಲ್ದಾಣವನ್ನು ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಸಾಗುವಾಗ, ಬೋಗಿಯೊಳಗಿನ ನೂರಾರು ಮೊಬೈಲ್ ಫೋನುಗಳು ದಡದ ಮೇಲಿನ ಗೋಪುರಗಳೊಡನೆ ಎಡೆಬಿಡದೆ ಸಂಭಾಷಿಸುತ್ತಿರುತ್ತವೆ. ಒಬ್ಬರು ಕರೆ ಮಾಡಿರುತ್ತಾರೆ, ಇನ್ನೊಬ್ಬರು ಚಲನಚಿತ್ರ ನೋಡುತ್ತಿರುತ್ತಾರೆ, ಮತ್ತೊಬ್ಬರು ಹಣ ಕಳುಹಿಸುತ್ತಿರುತ್ತಾರೆ. ಇವರೆಲ್ಲರ ಮಾಹಿತಿಯೂ ಒಂದೇ ಆಕಾಶದಲ್ಲಿ, ಒಂದೇ ಕ್ಷಣದಲ್ಲಿ, ಒಂದರ ಮೇಲೊಂದು ಬಿದ್ದ ಅಲೆಗಳಾಗಿ ಹರಿಯುತ್ತದೆ. ಆದರೂ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹೋಗುವುದಿಲ್ಲ.

ಇದು ಸಾಧ್ಯವಾಗಿರುವುದು ಆ ಅಲೆಗಳ ಆಕಾರವನ್ನು ಲೆಕ್ಕ ಹಾಕಿ ರೂಪಿಸಿರುವುದರಿಂದ. ಆ ಲೆಕ್ಕದ ಬೇರು ಇರುವುದು ನಿಸ್ತಂತು ಸಂಪರ್ಕ ಎಂಬ ಪದವೇ ಹುಟ್ಟದಿದ್ದ ಕಾಲದಲ್ಲಿ, ಫ್ರಾನ್ಸ್ ದೇಶದ ಒಬ್ಬ ಜಿಲ್ಲಾಧಿಕಾರಿ ಕಚೇರಿ ಕೆಲಸದ ಬಿಡುವಿನಲ್ಲಿ ಬರೆದ ಪ್ರಬಂಧದಲ್ಲಿ. ಆತ ಬರೆದದ್ದು ರೇಡಿಯೋ ಕುರಿತಲ್ಲ, ಕಾಯಿಸಿದ ಕಬ್ಬಿಣದಲ್ಲಿ ಶಾಖ ಹೇಗೆ ಹರಡುತ್ತದೆ ಎಂಬುದರ ಕುರಿತು. ಅಂದಿನ ಘಟಾನುಘಟಿ ಗಣಿತಜ್ಞರು ಆ ಪ್ರಬಂಧವನ್ನು ಒಪ್ಪಲಿಲ್ಲ. ಅದು ಪುಸ್ತಕವಾಗಿ ಹೊರಬರಲು ಹದಿನೈದು ವರ್ಷ ಬೇಕಾಯಿತು.

ದಾವಣಗೆರೆಯ ಬಿಡಿಟಿ ಕಾಲೇಜಿನಿಂದ ಹಿಡಿದು ರಾಜ್ಯದ ಯಾವುದೇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರಿಗೆ ಫೋರಿಯರ್ ಸರಣಿ ಎಂಬ ಹೆಸರು ಪರಿಚಿತ. ಬಹಳಷ್ಟು ಮಂದಿಗೆ ಅದು ಪರೀಕ್ಷೆಯ ಕಷ್ಟದ ಪ್ರಶ್ನೆಯಾಗಿಯೇ ನೆನಪಿನಲ್ಲಿ ಉಳಿದಿರುತ್ತದೆ. ಆ ಹೆಸರಿನ ಹಿಂದಿನ ಮನುಷ್ಯ ಜೋಸೆಫ್ ಫೂರಿಯೆ. ಅನಾಥ ಬಾಲಕ, ಸನ್ಯಾಸಾರ್ಥಿ, ಕ್ರಾಂತಿಕಾರಿ, ಸೆರೆಯಾಳು, ಪ್ರಾಧ್ಯಾಪಕ, ಈಜಿಪ್ಟಿನ ಯಾತ್ರಿಕ, ಆಡಳಿತಗಾರ - ಒಂದೇ ಬದುಕಿನಲ್ಲಿ ಇಷ್ಟೆಲ್ಲ ವೇಷ ತೊಟ್ಟ ವಿಜ್ಞಾನಿಗಳು ವಿರಳ.

ಮೋಂಬತ್ತಿಯ ತುಂಡುಗಳ ಬೆಳಕಿನಲ್ಲಿ

ಜೀನ್ ಬ್ಯಾಪ್ಟಿಸ್ಟ್ ಜೋಸೆಫ್ ಫೂರಿಯೆ ಜನಿಸಿದ್ದು 1768ರ ಮಾರ್ಚ್ 21ರಂದು, ಪ್ಯಾರಿಸ್ಸಿನ ಆಗ್ನೇಯಕ್ಕಿರುವ ಓಸೇರ್ ಎಂಬ ಪಟ್ಟಣದಲ್ಲಿ. ತಂದೆ ದರ್ಜಿ. ಮನೆ ತುಂಬ ಮಕ್ಕಳು. ಬಾಲಕನಿಗೆ ಒಂಬತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಮರುವರ್ಷವೇ ತಂದೆಯೂ ಕಣ್ಮುಚ್ಚಿದರು. ಬಡತನದ ಜತೆಗೆ ಅನಾಥಪ್ರಜ್ಞೆಯೂ ಸೇರಿಕೊಂಡ ಬಾಲ್ಯ ಅದು.

ಊರಿನಲ್ಲಿ ಬೆನಡಿಕ್ಟೈನ್ ಪಂಥದ ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಯೊಂದಿತ್ತು. ಹುಡುಗನ ಚುರುಕುತನ ಕಂಡ ಹಿತೈಷಿಗಳು ಅವನನ್ನು ಅಲ್ಲಿಗೆ ಸೇರಿಸಿದರು. ಆರಂಭದಲ್ಲಿ ಸಾಹಿತ್ಯದ ಕಡೆಗೆ ಒಲವಿದ್ದ ಹುಡುಗ ಹದಿಮೂರರ ಹೊತ್ತಿಗೆ ಗಣಿತದ ಮೋಹಕ್ಕೆ ಒಳಗಾದ. ಹದಿನಾಲ್ಕು ತುಂಬುವಷ್ಟರಲ್ಲಿ ಬೇಜು ಎಂಬ ವಿದ್ವಾಂಸರ ಆರು ಸಂಪುಟಗಳ ಗಣಿತ ಪಠ್ಯವನ್ನು ಓದಿ ಮುಗಿಸಿದ್ದ. ಹಗಲಿನಲ್ಲಿ ಅಡುಗೆಮನೆಯಿಂದ, ಮೊಗಸಾಲೆಯಿಂದ ಉರಿದುಳಿದ ಮೋಂಬತ್ತಿಯ ತುಂಡುಗಳನ್ನು ಸಂಗ್ರಹಿಸಿಟ್ಟು, ರಾತ್ರಿ ಎಲ್ಲರೂ ಮಲಗಿದ ಮೇಲೆ ಅವುಗಳ ಬೆಳಕಿನಲ್ಲಿ ಓದುತ್ತಿದ್ದನೆಂದು ಅವನ ಜೀವನ ಚರಿತ್ರೆಕಾರರು ಹೇಳುತ್ತಾರೆ. ಬೀದಿದೀಪದ ಕೆಳಗೆ ಓದಿ ಮೇಲೆ ಬಂದವರ ಕಥೆ ಕೇಳಿ ಬೆಳೆದ ನಮಗೆ ಈ ಚಿತ್ರ ಅಪರಿಚಿತವಲ್ಲ.

ಸೈನ್ಯದ ಫಿರಂಗಿ ದಳ ಅಥವಾ ಎಂಜಿನಿಯರಿಂಗ್ ದಳಕ್ಕೆ ಸೇರಬೇಕೆಂಬುದು ಫೂರಿಯೆ ಅವರ ಆಸೆಯಾಗಿತ್ತು. ಪ್ರತಿಭೆಗೇನೂ ಕೊರತೆ ಇರಲಿಲ್ಲ. ಆದರೆ ರಾಜಪ್ರಭುತ್ವದ ಅಂದಿನ ಫ್ರಾನ್ಸಿನಲ್ಲಿ ಆ ಬಾಗಿಲು ತೆರೆಯುತ್ತಿದ್ದುದು ಕುಲೀನ ಮನೆತನದವರಿಗೆ ಮಾತ್ರ. ದರ್ಜಿಯ ಮಗನ ಅರ್ಜಿ ತಿರಸ್ಕೃತವಾಯಿತು. ಬೇರೆ ದಾರಿ ಕಾಣದೆ 1787ರಲ್ಲಿ ಅವರು ಲೋರ್ ನದಿಯ ದಡದ ಸೇಂಟ್ ಬೆನ್ವಾ ಮಠಕ್ಕೆ ಸನ್ಯಾಸಾರ್ಥಿಯಾಗಿ ಸೇರಿದರು. ಅಲ್ಲಿಯೂ ಮನಸ್ಸು ಗಣಿತದಲ್ಲಿಯೇ ಇತ್ತು. 1789ರಲ್ಲಿ, ಅಂತಿಮ ದೀಕ್ಷೆ ಪಡೆಯುವ ಮುನ್ನವೇ ಮಠವನ್ನು ತೊರೆದರು. ಅದೇ ವರ್ಷ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಸಿಡಿಯಿತು.

ಕ್ರಾಂತಿಯ ಬಿಸಿ, ಸೆರೆಮನೆಯ ದಾರಿ

ಕುಲದ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಂಡಿದ್ದ ಯುವಕನಿಗೆ ಸಮಾನತೆಯ ಘೋಷಣೆ ಹಿತವಾಗಿ ಕೇಳಿಸಿದ್ದರಲ್ಲಿ ಅಚ್ಚರಿಯಿಲ್ಲ. ತಾವು ಓದಿದ ಶಾಲೆಯಲ್ಲಿಯೇ ಶಿಕ್ಷಕರಾಗಿದ್ದ ಫೂರಿಯೆ 1793ರಲ್ಲಿ ಊರಿನ ಕ್ರಾಂತಿ ಸಮಿತಿಯನ್ನು ಸೇರಿದರು. ಆದರೆ ಕ್ರಾಂತಿ ಬಹುಬೇಗ ತನ್ನ ಮಕ್ಕಳನ್ನೇ ನುಂಗತೊಡಗಿತು. ಗಿಲೊಟಿನ್ ಯಂತ್ರದ ಅಲಗು ದಿನವೂ ಇಳಿಯುತ್ತಿದ್ದ ಆ ದಿನಗಳಲ್ಲಿ, ಸಂಕಷ್ಟಕ್ಕೆ ಸಿಲುಕಿದ ಕೆಲವರ ಪರವಾಗಿ ನಿಂತದ್ದು ಅವರಿಗೇ ಮುಳುವಾಯಿತು. 1794ರಲ್ಲಿ ಅವರ ಬಂಧನವಾಯಿತು. ಅದೇ ಜುಲೈ 28ರಂದು ರೋಬ್ಸ್‌ಪಿಯರನ ಶಿರಚ್ಛೇದವಾಗಿ ರಾಜಕೀಯ ಗಾಳಿ ತಿರುಗದಿದ್ದರೆ ಫೂರಿಯೆ ಅವರ ಹೆಸರನ್ನು ನಾವು ಕೇಳುತ್ತಿದ್ದೆವೋ ಇಲ್ಲವೋ.

ಬಿಡುಗಡೆಯಾದವರಿಗೆ ಅದೃಷ್ಟ ಒಲಿಯಿತು. ಹೊಸ ಗಣರಾಜ್ಯ ಶಿಕ್ಷಕರನ್ನು ತಯಾರಿಸಲು ಪ್ಯಾರಿಸ್ಸಿನಲ್ಲಿ ಎಕೋಲ್ ನಾರ್ಮಲ್ ಎಂಬ ಸಂಸ್ಥೆಯನ್ನು ಆರಂಭಿಸಿತು. 1795ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿ ಕುಳಿತ ಫೂರಿಯೆ ಅವರಿಗೆ ಪಾಠ ಹೇಳಿದವರು ಲಗ್ರಾಂಜ್, ಲಪ್ಲಾಸ್ ಮತ್ತು ಮೋಂಜ್ - ಅಂದಿನ ಯುರೋಪಿನ ಗಣಿತ ದಿಗ್ಗಜರು. ಮುಂದೆ ಎಕೋಲ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಅಧ್ಯಾಪಕರಾದ ಅವರು 1797ರಲ್ಲಿ ಗುರು ಲಗ್ರಾಂಜ್ ಅವರ ಪೀಠಕ್ಕೇ ಉತ್ತರಾಧಿಕಾರಿಯಾದರು. ವಯಸ್ಸು ಇನ್ನೂ ಮೂವತ್ತು ತುಂಬಿರಲಿಲ್ಲ.

ಮರುವರ್ಷ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನಿಕರ ಜತೆಗೆ ವಿದ್ವಾಂಸರ ದೊಡ್ಡ ತಂಡವನ್ನೂ ಕರೆದೊಯ್ದ. ಆ ತಂಡದಲ್ಲಿ ಫೂರಿಯೆ ಇದ್ದರು. ಕೈರೋದಲ್ಲಿ ಸ್ಥಾಪನೆಯಾದ ಈಜಿಪ್ಟ್ ಸಂಸ್ಥೆಯ ಕಾರ್ಯದರ್ಶಿಯಾಗಿ ಆಯ್ಕೆಯಾದರು. ಸಂಶೋಧನೆಯ ವರದಿಗಳನ್ನು ಕ್ರೋಡೀಕರಿಸಿದರು, ಆಡಳಿತದ ಹೊಣೆಯನ್ನೂ ಹೊತ್ತರು. ಮುಂದೆ ಪ್ರಕಟವಾದ ಈಜಿಪ್ಟ್ ವರ್ಣನೆಯ ಮಹಾಸಂಪುಟಗಳಿಗೆ ಚಾರಿತ್ರಿಕ ಮುನ್ನುಡಿ ಬರೆದವರೂ ಅವರೇ.

1801ರಲ್ಲಿ ಮರಳಿದ ಫೂರಿಯೆ ಮತ್ತೆ ಪಾಠ ಹೇಳಿಕೊಂಡಿರಲು ಬಯಸಿದ್ದರು. ಆದರೆ ಅವರ ಆಡಳಿತ ಸಾಮರ್ಥ್ಯವನ್ನು ಕಂಡಿದ್ದ ನೆಪೋಲಿಯನ್ ಅವರನ್ನು ಗ್ರೆನೋಬಲ್ ಕೇಂದ್ರವಾಗಿದ್ದ ಇಸೇರ್ ಜಿಲ್ಲೆಯ ಪ್ರಿಫೆಕ್ಟ್ ಆಗಿ ನೇಮಿಸಿದ. ನಮ್ಮ ಜಿಲ್ಲಾಧಿಕಾರಿಗೆ ಸಮನಾದ ಹುದ್ದೆ ಅದು. 1802ರಿಂದ ಹದಿಮೂರು ವರ್ಷ ಅವರು ಆಲ್ಪ್ಸ್ ತಪ್ಪಲಿನ ಆ ಜಿಲ್ಲೆಯನ್ನು ಆಳಿದರು. ಬುರ್ಗ್ವಾನ್ ಸುತ್ತಲಿನ ವಿಶಾಲ ಜೌಗು ಭೂಮಿಯ ನೀರನ್ನು ಬಸಿದು ಹೊರಹಾಕಿಸಿದ್ದು ಅವರ ದೊಡ್ಡ ಸಾಧನೆ. ಗ್ರೆನೋಬಲ್‌ನಿಂದ ಇಟಲಿಯ ಟ್ಯೂರಿನ್ ಕಡೆಗೆ ರಸ್ತೆ ನಿರ್ಮಾಣದ ಮೇಲ್ವಿಚಾರಣೆಯೂ ಅವರ ಪಾಲಿಗೆ ಬಂತು. ಈಜಿಪ್ಟಿನ ಚಿತ್ರಲಿಪಿಯನ್ನು ಮುಂದೆ 1822ರಲ್ಲಿ ಬಿಡಿಸಿದ ಶಾಂಪೋಲಿಯೋ ಗ್ರೆನೋಬಲ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಫೂರಿಯೆ ಅವರ ಸಂಪರ್ಕಕ್ಕೆ ಬಂದದ್ದು ಈ ಅವಧಿಯಲ್ಲಿಯೇ.

ಜೌಗು ಭೂಮಿ, ಕಡತ, ತೆರಿಗೆ, ಅಹವಾಲುಗಳ ನಡುವೆ ಉಳಿಯುತ್ತಿದ್ದ ಸಮಯದಲ್ಲಿ ಅವರು ಒಂದು ಪ್ರಶ್ನೆಯ ಬೆನ್ನು ಹತ್ತಿದ್ದರು. ವಸ್ತುವಿನೊಳಗೆ ಶಾಖ ಹೇಗೆ ಚಲಿಸುತ್ತದೆ?

ಕಬ್ಬಿಣದ ಬಳೆ ಕಲಿಸಿದ ಪಾಠ

ಕಬ್ಬಿಣದ ಬಳೆಯೊಂದನ್ನು ಒಂದು ಕಡೆ ಕಾಯಿಸಿ ಬಿಡೋಣ. ಕ್ಷಣಕ್ಷಣಕ್ಕೂ ಅದರ ಒಂದೊಂದು ಭಾಗದ ಉಷ್ಣತೆ ಬದಲಾಗುತ್ತ ಹೋಗುತ್ತದೆ. ಫೂರಿಯೆ ಇಂಥ ಪ್ರಯೋಗಗಳನ್ನು ಸ್ವತಃ ಮಾಡಿ, ಅಳೆದು ನೋಡಿದರು. ಬಳೆಯ ಉದ್ದಕ್ಕೂ ಉಷ್ಣತೆಯ ಏರಿಳಿತವನ್ನು ಕಾಗದದ ಮೇಲೆ ಬರೆದರೆ ಅಡ್ಡಾದಿಡ್ಡಿಯಾದ ಒಂದು ರೇಖೆ ಸಿಗುತ್ತದೆ. ಅಂಥ ರೇಖೆಯ ಮುಂದಿನ ಗತಿಯನ್ನು ನೇರವಾಗಿ ಲೆಕ್ಕ ಹಾಕುವುದು ಅತಿ ಕಷ್ಟ.

ಆದರೆ ಆ ರೇಖೆ ಒಂದು ನಯವಾದ ಅಲೆಯಾಗಿದ್ದರೆ ಲೆಕ್ಕ ಸುಲಭ. ಗಣಿತದಲ್ಲಿ ಸೈನ್ ಅಲೆ ಎನ್ನಲಾಗುವ ಆ ಶುದ್ಧ ಏರಿಳಿತ, ತಣ್ಣಗಾಗುವಾಗಲೂ ತನ್ನ ಆಕಾರವನ್ನು ಕಳೆದುಕೊಳ್ಳುವುದಿಲ್ಲ, ಎತ್ತರ ಮಾತ್ರ ಕುಗ್ಗುತ್ತ ಹೋಗುತ್ತದೆ. ಅಲೆ ಎಷ್ಟು ದಟ್ಟವೋ ಅಷ್ಟು ಬೇಗ ಕುಗ್ಗುತ್ತದೆ. ಏರಿಳಿತದ ಸಂಖ್ಯೆ ಎರಡು ಪಟ್ಟಾದರೆ ಕುಗ್ಗುವ ವೇಗ ನಾಲ್ಕು ಪಟ್ಟಾಗುತ್ತದೆ. ಹಾಗಾದರೆ ಅಡ್ಡಾದಿಡ್ಡಿ ರೇಖೆಯನ್ನೇ ಇಂಥ ಶುದ್ಧ ಅಲೆಗಳಾಗಿ ಬಿಡಿಸಿ, ಒಂದೊಂದರ ಗತಿಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಿ, ಕೊನೆಗೆ ಕೂಡಿದರೆ? ಫೂರಿಯೆ ಹಿಡಿದ ದಾರಿ ಇದು.

ಇದಕ್ಕಾಗಿ ಅವರು ದಿಟ್ಟವಾದ ಮಾತೊಂದನ್ನು ಮುಂದಿಟ್ಟರು. ರೇಖೆ ಎಂಥದ್ದೇ ಇರಲಿ, ಮಧ್ಯದಲ್ಲಿ ಮೆಟ್ಟಿಲಿನಂತೆ ಥಟ್ಟನೆ ಜಿಗಿಯುವಂಥದ್ದೇ ಆಗಿರಲಿ, ಅದನ್ನು ಶುದ್ಧ ಅಲೆಗಳ ಮೊತ್ತವಾಗಿ ಬರೆಯಬಹುದು ಎಂಬುದು ಅವರ ಪ್ರತಿಪಾದನೆ. ಉದಾಹರಣೆಗೆ ಚೌಕಾಕಾರದ ಅಲೆಯೊಂದು ಬೇಕೆಂದಿಟ್ಟುಕೊಳ್ಳಿ. ಮೂಲ ಅಲೆಗೆ, ಮೂರು ಪಟ್ಟು ದಟ್ಟವಾಗಿಯೂ ಮೂರನೇ ಒಂದರಷ್ಟು ಎತ್ತರವಾಗಿಯೂ ಇರುವ ಅಲೆಯನ್ನು ಕೂಡಿಸಬೇಕು. ಬಳಿಕ ಐದು ಪಟ್ಟು ದಟ್ಟವಾದ, ಐದನೇ ಒಂದರಷ್ಟು ಎತ್ತರದ ಅಲೆ. ಹೀಗೆ ಕೂಡಿಸುತ್ತ ಹೋದಂತೆ ದುಂಡಗಿನ ಅಲೆಗಳೇ ಸೇರಿ ಮೂಲೆಗಳುಳ್ಳ ಚೌಕವನ್ನು ಕಟ್ಟುತ್ತವೆ.

ಯಾವ ಅಲೆ ಎಷ್ಟು ಪ್ರಮಾಣದಲ್ಲಿದೆ ಎಂದು ಕಂಡುಹಿಡಿಯುವ ಸೂತ್ರವೂ ಸರಳ. ಒಂದು ಪೂರ್ಣ ಅವಧಿಯಲ್ಲಿ ಭಿನ್ನ ಸಂಖ್ಯೆಯ ಪೂರ್ಣ ಸುತ್ತುಗಳನ್ನು ಮಾಡುವ ಎರಡು ಶುದ್ಧ ಅಲೆಗಳನ್ನು ಪರಸ್ಪರ ಗುಣಿಸಿ ಕೂಡಿದರೆ ಮೊತ್ತ ಸೊನ್ನೆ. ಅಂದರೆ ಒಂದು ಅಲೆ ಇನ್ನೊಂದನ್ನು ಮುಟ್ಟುವುದಿಲ್ಲ. ಆದ್ದರಿಂದ ಕಲಸಿಹೋದ ಮಿಶ್ರಣದಲ್ಲಿ ನಮಗೆ ಬೇಕಾದ ಅಲೆಯೊಂದನ್ನು, ಉಳಿದವುಗಳ ಗೊಡವೆಯಿಲ್ಲದೆ, ಹೆಕ್ಕಿ ತೆಗೆಯಬಹುದು. ಓದುಗರು ಈ ಒಂದು ಅಂಶವನ್ನು ನೆನಪಿನಲ್ಲಿಟ್ಟುಕೊಂಡರೆ ಮೊಬೈಲ್ ಫೋನಿನ ಗುಟ್ಟು ಅರ್ಧ ತಿಳಿದಂತೆ.

ಗುರುವೇ ಒಪ್ಪಲಿಲ್ಲ

1807ರ ಡಿಸೆಂಬರ್ 21ರಂದು ಈ ಪ್ರಬಂಧ ಪ್ಯಾರಿಸ್ಸಿನ ವಿದ್ವತ್ ಸಂಸ್ಥೆಯ ಮುಂದೆ ಬಂತು. ಪರಿಶೀಲನೆಗೆ ನೇಮಕವಾದವರು ಲಗ್ರಾಂಜ್, ಲಪ್ಲಾಸ್, ಮೋಂಜ್ ಮತ್ತು ಲಕ್ರ್ವಾ. ಲಗ್ರಾಂಜ್ ಅದನ್ನು ಬಲವಾಗಿ ವಿರೋಧಿಸಿದರು. ಕಂಪಿಸುವ ತಂತಿಯ ಕುರಿತು ಅರ್ಧ ಶತಮಾನದ ಹಿಂದೆಯೇ ಡೇನಿಯಲ್ ಬರ್ನೂಲಿ ಇಂಥದ್ದೇ ಮಾತು ಆಡಿದ್ದರು, ಆಯ್ಲರ್ ಅಂಥವರು ಅದನ್ನು ಒಪ್ಪಿರಲಿಲ್ಲ. ಮೂಲೆಗಳೇ ಇಲ್ಲದ ನಯವಾದ ಅಲೆಗಳು ಎಷ್ಟೇ ಕೂಡಿದರೂ ಥಟ್ಟನೆ ಜಿಗಿಯುವ ರೇಖೆಯನ್ನು ಹೇಗೆ ಕೊಟ್ಟಾವು ಎಂಬುದು ಆಕ್ಷೇಪದ ತಿರುಳು. ಪ್ರಬಂಧ ಪ್ರಕಟವಾಗಲಿಲ್ಲ.

1811ರಲ್ಲಿ ಅದೇ ಸಂಸ್ಥೆ ಶಾಖದ ಚಲನೆಯನ್ನೇ ವಿಷಯವಾಗಿಟ್ಟು ಬಹುಮಾನ ಸ್ಪರ್ಧೆ ನಡೆಸಿತು. ಫೂರಿಯೆ ತಮ್ಮ ಕೆಲಸವನ್ನು ವಿಸ್ತರಿಸಿ ಕಳುಹಿಸಿದರು. ಬಹುಮಾನವೇನೋ ಬಂತು. ಆದರೆ ತೀರ್ಪುಗಾರರು ಅದರ ಜತೆಗೆ, ಲೇಖಕರು ಸಮೀಕರಣಗಳನ್ನು ತಲುಪಿದ ಬಗೆ ಕಷ್ಟಗಳಿಂದ ಮುಕ್ತವಲ್ಲ, ತರ್ಕದ ಬಿಗಿ ಸಾಲದು ಎಂಬ ಷರಾ ಬರೆದರು. ಬಹುಮಾನ ಪಡೆದ ಪ್ರಬಂಧವೂ ಅಚ್ಚಿನ ಮನೆ ಸೇರದೆ ವರ್ಷಗಟ್ಟಲೆ ಉಳಿಯಿತು.

ಈ ಪ್ರಸಂಗವನ್ನು ಪ್ರತಿಭೆಯನ್ನು ತುಳಿದ ಹಿರಿಯರ ಕಥೆಯೆಂದು ಹೇಳುವುದು ಸುಲಭ. ಸತ್ಯ ಅಷ್ಟು ಸರಳವಲ್ಲ. ಲಗ್ರಾಂಜ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಫೂರಿಯೆ ಅವರಲ್ಲಿ ಉತ್ತರ ಇತ್ತು, ಸಾಧನೆ ಇರಲಿಲ್ಲ. ಯಾವ ನಿಯಮಗಳಿಗೆ ಒಳಪಟ್ಟರೆ ರೇಖೆಯೊಂದನ್ನು ಅಲೆಗಳಾಗಿ ಬಿಡಿಸಬಹುದು ಎಂಬುದನ್ನು ಬಿಗಿಯಾಗಿ ತೋರಿಸಿಕೊಟ್ಟವರು ಜರ್ಮನಿಯ ಡಿರಿಶ್ಲೇ. ಪ್ಯಾರಿಸ್ಸಿನಲ್ಲಿದ್ದಾಗ ಫೂರಿಯೆ ಅವರ ಪ್ರಭಾವಕ್ಕೆ ಒಳಗಾಗಿದ್ದ ಈ ತರುಣ 1829ರಲ್ಲಿ ತಮ್ಮ ಸಾಧನೆಯನ್ನು ಪ್ರಕಟಿಸಿದರು. ಆಕ್ಷೇಪ ಎತ್ತಿದವರೂ ಸರಿ, ಆಕ್ಷೇಪಕ್ಕೆ ಅಂಜದೆ ಮುಂದೆ ಹೋದವರೂ ಸರಿ. ಗಣಿತದ ಒಂದು ಮಹಾಶಾಖೆ ಬೆಳೆದದ್ದು ಈ ಎರಡರ ನಡುವಿನ ಜಗ್ಗಾಟದಿಂದ.

ಅಷ್ಟರಲ್ಲಿ ಫೂರಿಯೆ ಅವರ ಲೌಕಿಕ ಬದುಕು ಮತ್ತೆ ಅಲ್ಲೋಲಕಲ್ಲೋಲವಾಗಿತ್ತು. 1815ರಲ್ಲಿ ಗಡೀಪಾರಿನಿಂದ ತಪ್ಪಿಸಿಕೊಂಡು ಬಂದ ನೆಪೋಲಿಯನ್ ಗ್ರೆನೋಬಲ್ ಮೂಲಕವೇ ಪ್ಯಾರಿಸ್ಸಿಗೆ ಸಾಗಿದ. ಹಳೆಯ ಒಡೆಯನನ್ನು ಎದುರಿಸಲಾರದೆ, ಹೊಸ ಅರಸನಿಗೆ ದ್ರೋಹ ಬಗೆಯಲಾರದೆ ಫೂರಿಯೆ ಊರು ಬಿಟ್ಟರು. ಸಿಟ್ಟಾಗಿದ್ದ ನೆಪೋಲಿಯನ್ ಬಳಿಕ ಅವರನ್ನು ರೋನ್ ಜಿಲ್ಲೆಗೆ ನೇಮಿಸಿದ. ಆ ಹುದ್ದೆಯನ್ನೂ ಅವರು ಬಹುಬೇಗ ಬಿಟ್ಟರು. ವಾಟರ್ಲೂ ಯುದ್ಧದ ನಂತರ ನೆಪೋಲಿಯನ್ ಪತನವಾದಾಗ ಅವರ ಕೈಯಲ್ಲಿ ಕೆಲಸವೂ ಇರಲಿಲ್ಲ, ಹೊಸ ಪ್ರಭುತ್ವದ ವಿಶ್ವಾಸವೂ ಇರಲಿಲ್ಲ. ಪ್ಯಾರಿಸ್ಸಿನ ಅಂಕಿಅಂಶ ಕಚೇರಿಯಲ್ಲಿ ಒಂದು ಹುದ್ದೆ ದೊರೆತು ಜೀವನ ಸಾಗಿತು. 1816ರಲ್ಲಿ ವಿಜ್ಞಾನ ಅಕಾಡೆಮಿ ಅವರನ್ನು ಸದಸ್ಯರನ್ನಾಗಿ ಆರಿಸಿದರೆ ದೊರೆ ಹದಿನೆಂಟನೇ ಲೂಯಿ ಅಂಕಿತ ಹಾಕಲಿಲ್ಲ. ಮರುವರ್ಷ ಅಕಾಡೆಮಿ ಮತ್ತೆ ಅವರನ್ನೇ ಆರಿಸಿತು. ಈ ಬಾರಿ ದೊರೆ ಒಪ್ಪಿದ.

1822ರಲ್ಲಿ ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತ ಎಂಬ ಅವರ ಗ್ರಂಥ ಕೊನೆಗೂ ಪ್ರಕಟವಾಯಿತು. ಅದೇ ವರ್ಷ ಅವರು ಅಕಾಡೆಮಿಯ ಕಾಯಂ ಕಾರ್ಯದರ್ಶಿಯೂ ಆದರು. 1824ರಲ್ಲಿ ಭೂಮಿಯ ಉಷ್ಣತೆಯ ಬಗ್ಗೆ ಬರೆದ ಪ್ರಬಂಧದಲ್ಲಿ, ವಾತಾವರಣವು ಸೂರ್ಯನ ಬೆಳಕನ್ನು ಒಳಗೆ ಬಿಟ್ಟು ಶಾಖವನ್ನು ತಡೆಹಿಡಿಯುತ್ತದೆ ಎಂಬ ವಿಚಾರವನ್ನು ಚರ್ಚಿಸಿದರು. ಇಂದಿನ ಹಸಿರುಮನೆ ಪರಿಣಾಮದ ಚರ್ಚೆ ಅಲ್ಲಿಂದ ಆರಂಭವಾಗುತ್ತದೆಂದು ವಿಜ್ಞಾನ ಚರಿತ್ರೆಕಾರರು ಗುರುತಿಸುತ್ತಾರೆ.

ಈಜಿಪ್ಟಿನಿಂದ ಮರಳಿದ ಮೇಲೆ ಅವರಿಗೆ ಚಳಿ ತಡೆಯಲಾಗುತ್ತಿರಲಿಲ್ಲ. ಕೋಣೆಯನ್ನು ಸದಾ ಬೆಚ್ಚಗಿಟ್ಟು, ದಪ್ಪ ಬಟ್ಟೆ ಹೊದ್ದು ಕುಳಿತಿರುತ್ತಿದ್ದರಂತೆ. ಮದುವೆಯಾಗಲಿಲ್ಲ. 1830ರ ಮೇ ತಿಂಗಳ ಆರಂಭದಲ್ಲಿ ಮೆಟ್ಟಿಲಿನಿಂದ ಬಿದ್ದದ್ದು ಮೊದಲೇ ಹದಗೆಟ್ಟಿದ್ದ ಆರೋಗ್ಯವನ್ನು ಇನ್ನಷ್ಟು ಕೆಡಿಸಿತು. ಮೇ 16ರಂದು, 62ನೇ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಅವರು ನಿಧನರಾದರು. ರೇಡಿಯೋ ಅಲೆಗಳ ಇರುವಿಕೆಯನ್ನು ಹೈನ್ರಿಶ್ ಹರ್ಟ್ಸ್ ಪ್ರಯೋಗದಿಂದ ತೋರಿಸಲು ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲವಿತ್ತು.

ಶಾಖದಿಂದ ಸಂಕೇತಕ್ಕೆ

ಫೂರಿಯೆ ಲೆಕ್ಕಕ್ಕೆ ಒಂದು ತೊಡಕಿತ್ತು. ಅದು ಸರಿ, ಆದರೆ ದೀರ್ಘ. ಸಂಕೇತವೊಂದರ 2048 ಬಿಂದುಗಳನ್ನು ತೆಗೆದುಕೊಂಡು ಅಲೆಗಳಾಗಿ ಬಿಡಿಸಬೇಕೆಂದರೆ ನೇರ ವಿಧಾನದಲ್ಲಿ ಸುಮಾರು 42 ಲಕ್ಷ ಗುಣಾಕಾರ ಬೇಕು. 1965ರಲ್ಲಿ ಅಮೆರಿಕದ ಜೇಮ್ಸ್ ಕೂಲಿ ಮತ್ತು ಜಾನ್ ಟುಕಿ ಪ್ರಕಟಿಸಿದ ತ್ವರಿತ ವಿಧಾನದಲ್ಲಿ ಅದೇ ಕೆಲಸ ಸುಮಾರು 11 ಸಾವಿರ ಗುಣಾಕಾರಗಳಲ್ಲಿ ಮುಗಿಯುತ್ತದೆ. ಜರ್ಮನಿಯ ಗೌಸ್ ಇಂಥದ್ದೇ ಉಪಾಯವನ್ನು 1805ರ ಸುಮಾರಿಗೆ ಬರೆದಿಟ್ಟಿದ್ದರೆಂಬುದು ಆಮೇಲೆ ಬೆಳಕಿಗೆ ಬಂತು. ಫೂರಿಯೆ ತಮ್ಮ ಪ್ರಬಂಧವನ್ನು ಮಂಡಿಸುವ ಮುನ್ನವೇ ಅದರ ಸುಲಭ ಲೆಕ್ಕ ಇನ್ನೊಬ್ಬರ ಟಿಪ್ಪಣಿಯಲ್ಲಿ ಕುಳಿತಿತ್ತು ಎಂಬುದು ಇತಿಹಾಸದ ವಿನೋದ.

ಅದರ ಮರುವರ್ಷ, 1966ರಲ್ಲಿ, ಬೆಲ್ ಪ್ರಯೋಗಾಲಯದ ರಾಬರ್ಟ್ ಚಾಂಗ್ ಹೊಸ ಬಗೆಯ ಸಂಕೇತವನ್ನು ಸೂಚಿಸಿದರು. ಮಾಹಿತಿಯನ್ನು ಒಂದೇ ವೇಗದ ಹರಿವಿನಲ್ಲಿ ಕಳುಹಿಸುವ ಬದಲು, ಪರಸ್ಪರ ಮುಟ್ಟದ ಅನೇಕ ನಿಧಾನ ಅಲೆಗಳ ಮೇಲೆ ಹಂಚಿ ಏಕಕಾಲಕ್ಕೆ ಕಳುಹಿಸುವುದು ಅದರ ತಿರುಳು. 1971ರಲ್ಲಿ ವೈನ್‌ಸ್ಟೈನ್ ಮತ್ತು ಎಬರ್ಟ್ ಈ ಇಡೀ ಕೆಲಸವನ್ನು ಫೂರಿಯೆ ಲೆಕ್ಕದಿಂದಲೇ ಮಾಡಬಹುದೆಂದು ತೋರಿಸಿದರು. ಒಎಫ್‌ಡಿಎಂ ಎಂದು ಎಂಜಿನಿಯರುಗಳು ಕರೆಯುವ ಈ ವಿಧಾನ ಮುಂದೆ ವೈ-ಫೈಗೆ ಬಂತು, 4ಜಿಗೆ ಬಂತು, ಭಾರತದಲ್ಲಿ 2022ರ ಅಕ್ಟೋಬರ್ 1ರಂದು ಚಾಲನೆ ಪಡೆದ 5ಜಿಗೂ ಬಂತು.

4ಜಿಯಲ್ಲಿ 20 ಮೆಗಾಹರ್ಟ್ಸ್ ಅಗಲದ ಒಂದು ವಾಹಿನಿಯಲ್ಲಿ 1200 ಸಣ್ಣ ಅಲೆಗಳು 15 ಕಿಲೋಹರ್ಟ್ಸ್ ಅಂತರದಲ್ಲಿ ಸಾಲಾಗಿ ನಿಲ್ಲುತ್ತವೆ. ಒಂದು ಸಂಕೇತದ ಅವಧಿ ಸೆಕೆಂಡಿನ 15 ಸಾವಿರದ ಒಂದು ಭಾಗ. ಅಷ್ಟರೊಳಗೆ ಪ್ರತಿಯೊಂದು ಅಲೆಯೂ ಪೂರ್ಣ ಸುತ್ತುಗಳನ್ನೇ ಮುಗಿಸುತ್ತದೆ, ನೆರೆಯ ಅಲೆಗಿಂತ ಒಂದು ಸುತ್ತು ಹೆಚ್ಚು ಅಥವಾ ಒಂದು ಸುತ್ತು ಕಡಿಮೆ. ಆದ್ದರಿಂದ ಗುಣಿಸಿ ಕೂಡಿದರೆ ಸೊನ್ನೆ. ಕಬ್ಬಿಣದ ಬಳೆಯ ಉಷ್ಣತೆಯನ್ನು ಬಿಡಿಸಿದ ಅದೇ ಉಪಾಯ ಇಲ್ಲಿ ಪ್ರಯಾಣಿಕರ ಮಾಹಿತಿಯನ್ನು ಬೇರ್ಪಡಿಸುತ್ತದೆ.

ಬಾಗುವ ಅಲೆ ಬೇಕು

ಆದರೆ ಮತ್ತೆ ರೈಲಿಗೆ ಬರೋಣ. ಎದುರಿನಿಂದ ಬರುವ ರೈಲಿನ ಸೀಟಿ ಏರುದನಿಯಲ್ಲಿ ಕೇಳಿ, ನಮ್ಮನ್ನು ದಾಟಿದೊಡನೆ ಇಳಿಯುವುದನ್ನು ಎಲ್ಲರೂ ಗಮನಿಸಿರುತ್ತೇವೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಈ ಪರಿಣಾಮ ರೇಡಿಯೋ ಅಲೆಗೂ ಅನ್ವಯಿಸುತ್ತದೆ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಸಾಗುವ ಫೋನಿಗೆ 3.5 ಗಿಗಾಹರ್ಟ್ಸ್ ಅಲೆ ಸುಮಾರು 360 ಹರ್ಟ್ಸ್ ಸರಿದು ಕಾಣುತ್ತದೆ. 26 ಗಿಗಾಹರ್ಟ್ಸ್ ಅಲೆಯಾದರೆ ಸುಮಾರು 2650 ಹರ್ಟ್ಸ್. ಅಲೆ ಸರಿಯಿತೆಂದರೆ ಪೂರ್ಣ ಸುತ್ತಿನ ಲೆಕ್ಕ ತಪ್ಪಿತು, ಸೊನ್ನೆಯಾಗಬೇಕಿದ್ದ ಮೊತ್ತ ಸೊನ್ನೆಯಾಗದು. ಒಂದು ಅಲೆಯ ಮಾಹಿತಿ ಪಕ್ಕದ ಅಲೆಗೆ ಸೋರತೊಡಗುತ್ತದೆ.

ಅಲೆಗಳ ನಡುವಣ ಅಂತರವನ್ನು ಹಿಗ್ಗಿಸುವುದು ಇದಕ್ಕೊಂದು ಪರಿಹಾರ. 5ಜಿ ಮಾಡಿದ್ದು ಅದನ್ನೇ. 4ಜಿ ಬಹುಮಟ್ಟಿಗೆ 15 ಕಿಲೋಹರ್ಟ್ಸ್ ಅಂತರಕ್ಕೆ ಕಟ್ಟುಬಿದ್ದಿದ್ದರೆ 5ಜಿಯಲ್ಲಿ 15, 30, 60, 120 ಎಂಬ ಆಯ್ಕೆಗಳಿವೆ. ಆದರೆ ಅಂತರ ಹಿಗ್ಗಿದರೆ ಸಂಕೇತದ ಅವಧಿ ಕುಗ್ಗುತ್ತದೆ, ಪ್ರತಿಧ್ವನಿಗಳನ್ನು ತಾಳಿಕೊಳ್ಳಲು ಸಂಕೇತದ ಮುಂದೆ ಬಿಡುವ ಕಾವಲು ಸಮಯವೂ ಕುಗ್ಗುತ್ತದೆ. 15 ಕಿಲೋಹರ್ಟ್ಸ್ ಅಂತರದಲ್ಲಿ ಗುಡ್ಡ, ಕಟ್ಟಡಗಳಿಗೆ ಬಡಿದು ಸುಮಾರು 1.4 ಕಿಲೋಮೀಟರ್ ಹೆಚ್ಚು ದೂರ ಸುತ್ತಿ ಬಂದ ಪ್ರತಿಧ್ವನಿಯನ್ನೂ ತಾಳಬಹುದು. 120 ಕಿಲೋಹರ್ಟ್ಸ್ ಅಂತರದಲ್ಲಿ ಆ ದೂರ 200 ಮೀಟರಿಗೂ ಕಡಿಮೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಸಂಕೇತವೊಂದು ಕಾಲದಲ್ಲಿಯೂ ಕಂಪನದಲ್ಲಿಯೂ ಏಕಕಾಲಕ್ಕೆ ಎಷ್ಟು ಬೇಕಾದರೂ ಮೊನಚಾಗಿರಲಾರದು ಎಂಬ ಮೂಲ ಮಿತಿಯೂ ಇದೆ. ಡೆನ್ನಿಸ್ ಗೇಬರ್ 1946ರಲ್ಲಿಯೇ ಇದನ್ನು ಸಂವಹನ ಶಾಸ್ತ್ರಕ್ಕೆ ವಿವರಿಸಿ ಹೇಳಿದ್ದರು. ಹರಿಹರದ ಹರಿಹರೇಶ್ವರನ ಗುಡಿಯಲ್ಲಿ ಅರ್ಧ ವಿಷ್ಣು, ಅರ್ಧ ಶಿವ ಒಂದೇ ಮೂರ್ತಿಯಾಗಿ ನಿಂತಿದ್ದಾರೆ. ಸಂಕೇತಕ್ಕೂ ಹಾಗೆ ಎರಡು ಮುಖ: ಕಾಲ ಒಂದು, ಕಂಪನ ಇನ್ನೊಂದು. ಮೂರ್ತಿ ಒಂದೇ.

ಮುಂದಿನ ಪೀಳಿಗೆಯ 6ಜಿ ಜಾಲಕ್ಕೆ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2023ರಲ್ಲಿ ಒಪ್ಪಿದ ಚೌಕಟ್ಟು, ಸಂಪರ್ಕದ ಜತೆಗೆ ಸುತ್ತಲಿನ ವಸ್ತುಗಳ ದೂರ, ವೇಗಗಳನ್ನು ಅರಿಯುವ ಕೆಲಸವನ್ನೂ ಜಾಲದಿಂದ ನಿರೀಕ್ಷಿಸುತ್ತದೆ. ಸೆಕೆಂಡಿಗೆ ಏಳು ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಸುತ್ತುವ ಕೆಳಕಕ್ಷೆಯ ಉಪಗ್ರಹಗಳೂ ಜಾಲದ ಭಾಗವಾಗತೊಡಗಿವೆ. 2 ಗಿಗಾಹರ್ಟ್ಸ್ ಅಲೆಯಲ್ಲಿ ಅವುಗಳಿಂದಾಗುವ ಸರಿತ ಸುಮಾರು 50 ಕಿಲೋಹರ್ಟ್ಸ್ ತನಕ ಹೋಗಬಲ್ಲದು. ಮೊದಲೇ ಲೆಕ್ಕ ಹಾಕಿ ಸರಿಪಡಿಸದಿದ್ದರೆ ಮೂರು ಅಲೆಗಳ ಜಾಗವನ್ನೇ ದಾಟಿಬಿಡುವಷ್ಟು ಅದು. ಹೀಗಾಗಿ ಸಂದರ್ಭಕ್ಕೆ ತಕ್ಕಂತೆ ಬಾಗುವ ತರಂಗರೂಪಗಳ ಹುಡುಕಾಟ ಜಗತ್ತಿನಾದ್ಯಂತ ನಡೆದಿದೆ.

ಅದರಲ್ಲಿ ಕರ್ನಾಟಕದ ಪಾಲೂ ಇದೆ ಎಂಬುದು ಗಮನಾರ್ಹ. 2017ರಲ್ಲಿ ರಾನಿ ಹದಾನಿ ಮತ್ತು ಸಂಗಡಿಗರು ಒಟಿಎಫ್‌ಎಸ್ ಎಂಬ ಹೊಸ ತರಂಗರೂಪವನ್ನು ಮಂಡಿಸಿದರು. ಮಾಹಿತಿಯನ್ನು ನೇರವಾಗಿ ಕಂಪನಗಳ ಸಾಲಿನಲ್ಲಿ ಇಡದೆ, ಪ್ರತಿಧ್ವನಿಯ ತಡ ಒಂದು ಕಡೆ, ಡಾಪ್ಲರ್ ಸರಿತ ಇನ್ನೊಂದು ಕಡೆ ಇರುವ ಚೌಕುಳಿಯ ಮನೆಗಳಲ್ಲಿ ಇಡುವುದು ಅದರ ವಿಶೇಷ. ವೇಗ ಇಲ್ಲಿ ಅಡ್ಡಿಯಾಗುವ ಬದಲು ಲೆಕ್ಕದ ಭಾಗವೇ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಎ. ಚೊಕ್ಕಲಿಂಗಂ ಮತ್ತು ಅವರ ವಿದ್ಯಾರ್ಥಿಗಳು ಈ ವಿಧಾನದ ಬಗ್ಗೆ ವಿಸ್ತಾರವಾಗಿ ಕೆಲಸ ಮಾಡಿದ್ದಾರೆ. ಅದರ ಗಣಿತದ ತಳಹದಿಯನ್ನು ವಿವರಿಸುವ 2022ರ ಪ್ರಬಂಧವೊಂದರಲ್ಲಿ ಹದಾನಿ, ದೆಹಲಿ ಐಐಟಿಯ ಸೈಫ್ ಖಾನ್ ಮೊಹಮ್ಮದ್, ಅಮೆರಿಕದ ರಾಬರ್ಟ್ ಕಾಲ್ಡರ್‌ಬ್ಯಾಂಕ್ ಅವರೊಡನೆ ಚೊಕ್ಕಲಿಂಗಂ ಅವರೂ ಸಹ ಲೇಖಕರು.

ಹೊಸ ತರಂಗರೂಪ ಬಂದೊಡನೆ ಹಳೆಯದು ಮೂಲೆಗೆ ಸೇರುವುದಿಲ್ಲ. ಒಎಫ್‌ಡಿಎಂ ಅಗ್ಗ, ಪರಿಚಿತ, ಕೋಟ್ಯಂತರ ಸಾಧನಗಳಲ್ಲಿ ಪರೀಕ್ಷೆಗೆ ಒಳಗಾದದ್ದು. ಆದ್ದರಿಂದ 6ಜಿಗೂ ಅದರ ಕುಟುಂಬವೇ ಆಧಾರವಾಗಿರಲಿ ಎನ್ನುವವರ ದನಿ ಬಲವಾಗಿದೆ. ಹೊಸದನ್ನು ಮುಂದಿಡುವವರು ಬಿಗಿಯಾದ ಸಾಧನೆಯನ್ನೂ ನಿಜದ ಲಾಭವನ್ನೂ ತೋರಿಸಬೇಕೆಂದು ಹಿರಿಯ ಎಂಜಿನಿಯರುಗಳು ಕೇಳುತ್ತಾರೆ. 1807ರ ಪ್ಯಾರಿಸ್ ಸಭೆಯಲ್ಲಿ ಲಗ್ರಾಂಜ್ ಕೇಳಿದ್ದೂ ಬಹುಮಟ್ಟಿಗೆ ಇದನ್ನೇ. ವ್ಯತ್ಯಾಸವೆಂದರೆ ಅಂದು ಪ್ರಶ್ನೆ ಎದುರಿಸಿದ ಫೂರಿಯೆ ಲೆಕ್ಕ ಇಂದು ಇತರರು ದಾಟಬೇಕಾದ ಹೊಸ್ತಿಲಾಗಿ ನಿಂತಿದೆ. ಒಟಿಎಫ್‌ಎಸ್‌ನಲ್ಲಿ ತಡ ಮತ್ತು ಡಾಪ್ಲರ್ ಚೌಕುಳಿಯಿಂದ ಸಂಕೇತಕ್ಕೆ ಹೋಗಿ ಬರುವ ದಾರಿಯೂ ಫೂರಿಯೆ ಗಣಿತದಿಂದಲೇ ಹಾದುಹೋಗುತ್ತದೆ.

ಪ್ಯಾರಿಸ್ಸಿನಲ್ಲಿ 1889ರಲ್ಲಿ ಎದ್ದು ನಿಂತ ಐಫೆಲ್ ಗೋಪುರದ ಮೇಲೆ ಫ್ರಾನ್ಸಿನ 72 ವಿಜ್ಞಾನಿ, ಎಂಜಿನಿಯರುಗಳ ಹೆಸರುಗಳನ್ನು ಬರೆಯಲಾಯಿತು. ಅವುಗಳಲ್ಲಿ ಫೂರಿಯೆ ಹೆಸರೂ ಒಂದು. ಲಗ್ರಾಂಜ್, ಲಪ್ಲಾಸ್ ಹೆಸರುಗಳೂ ಅಲ್ಲಿಯೇ ಇವೆ. ಆ ಗೋಪುರಕ್ಕೆ ಮೂಲತಃ ಸಿಕ್ಕಿದ್ದ ಪರವಾನಗಿ ಕೇವಲ 20 ವರ್ಷದ್ದು. ಅವಧಿ ಮುಗಿದ ಮೇಲೂ ಅದನ್ನು ಕೆಡವದೆ ಉಳಿಸಿಕೊಂಡದ್ದಕ್ಕೆ ಮುಖ್ಯ ಕಾರಣ, ಅದರ ತುದಿಯಿಂದ ನಿಸ್ತಂತು ಸಂದೇಶಗಳನ್ನು ದೂರದೂರಕ್ಕೆ ಕಳುಹಿಸಬಹುದೆಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಕುಲೀನನಲ್ಲವೆಂದು ಸೈನ್ಯ ಸೇರಿಸಿಕೊಳ್ಳದ ದರ್ಜಿಯ ಮಗನ ಹೆಸರು, ರೇಡಿಯೋ ಅಲೆಗಳು ಉಳಿಸಿಕೊಟ್ಟ ಆ ಗೋಪುರದ ಮೇಲೆ ಇಂದಿಗೂ ಓದಲು ಸಿಗುತ್ತದೆ.